ಇಪ್ಪತ್ತು ಮಣಿಯ ರವೆಯುಂಡೆ

ಈ ಮುದುಕನ ನೆನಪು ಕೈಕೊಟ್ಟಿದೆ ಅಂತ ಯಾರೋ ಗೊಣಗಿದ್ದು ನನಗೂ ಕೇಳಿಸಿತು. ಕೈಕೊಟ್ಟಿರುವುದು ನನ್ನ ಮಂಡಿ, ನೆನಪಲ್ಲ. ವಾಲ್‌ಬುರ್ಗಾ ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದದ್ದು ಗುರುವಾರ. ಶುಕ್ರವಾರ ಅನ್ನುವವರು ಈ ಸಂದೇಶ ಬಿಟ್ಟು ಈಗಲೇ ಫೋನು ಕೆಳಗಿಡಬಹುದು.

ಎಂಬತ್ನಾಲ್ಕರ ಮುದುಕಿ ಬಂದವಳೇ ಹಟ ಹಿಡಿದಳು: ರವೆಯುಂಡೆ ಸೂಪು, ಅಂದರೆ ಎಲುಬಿನ ಸಾರಲ್ಲಿ ಬೆಂದ ಉಪ್ಪುಂಡೆ, ಅದು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಸೋಮವಾರ ಬೆಳಿಗ್ಗೆ ನರ್ಸ್ ತೂಕ ನೋಡಲು ಬರುವವಳಿದ್ದಳು. ಅಷ್ಟರೊಳಗೆ ಊಟ ಶುರುವಾಗದಿದ್ದರೆ ಮತ್ತೆ ಆಸ್ಪತ್ರೆ, ಮತ್ತೆ ಕೈಗೆ ಸೂಜಿ. ಈ ಸಲ ಹೋದರೆ ಅಮ್ಮ ವಾಪಸು ಬರುವುದಿಲ್ಲ ಎಂಬ ಭಯ ಮಗಳು ಆಫ್ರಾಳಿಗೆ.

ಆಫ್ರಾ ಕೆಟ್ಟ ಅಡಿಗೆಯವಳಲ್ಲ. ಅವಳು ಹಂದಿಮಾಂಸ ಹುರಿದರೆ ಬವೇರಿಯಾದ ನಮ್ಮ ಹಳ್ಳಿಯ ಅರ್ಧ ಬೀದಿ ಮೂಗರಳಿಸುತ್ತಿತ್ತು. ರವೆಯುಂಡೆ ಮಾತ್ರ ಅವಳ ಕೈಗೆ ಎಂದೂ ಒಲಿದಿರಲಿಲ್ಲ. ಭಾನುವಾರ ಚರ್ಚಿಗೂ ಹೋಗದೆ ದನದ ಎಲುಬು ಕುದಿಸಿ ತಿಳಿಸಾರು ಮಾಡಿದಳು. ಮೊಟ್ಟೆಯನ್ನು ತಕ್ಕಡಿಯಲ್ಲಿಟ್ಟು ಅದರ ತೂಕದಷ್ಟು ಬೆಣ್ಣೆ, ಎರಡರಷ್ಟು ರವೆ, ಉಪ್ಪು, ಜಾಯಿಕಾಯಿ ಹಾಕಿ ಕಲಸಿದಳು. ಎರಡು ಚಮಚಗಳ ನಡುವೆ ಒತ್ತಿ ಉದ್ದುದ್ದ ಉಂಡೆ ಮಾಡಿ, ಸಾರಿಗೆ ಬಿಟ್ಟು ಮುಚ್ಚಳ ಮುಚ್ಚಿದಳು.

"ಎಷ್ಟೊತ್ತು ಬಿಡ್ಲಮ್ಮಾ?"

"ಇಪ್ಪತ್ತು ಮಣಿ! ಎಷ್ಟು ಸಲ ಹೇಳ್ಬೇಕೇ ನಿನಗೆ?" ಕೋಣೆಯಿಂದ ದನಿ ಬಂತು.

ಆ ಮನೆಯಲ್ಲಿ ಅಡಿಗೆಗೆ ಗಡಿಯಾರ ನೋಡುವ ಪದ್ಧತಿಯಿಲ್ಲ. ಎಲ್ಲಕ್ಕೂ ಜಪಸರದ ಮಣಿ. ಆಫ್ರಾ ಒಲೆಯ ಮುಂದೆ ನಿಂತು ಇಪ್ಪತ್ತು ಸಲ "ನಮೋ ಮರಿಯಾ" ಪ್ರಾರ್ಥನೆ ಹೇಳಿ, ಮುಚ್ಚಳ ತೆಗೆದು, ಬಡಿಸಿಕೊಂಡು ಹೋದಳು. ಅಜ್ಜಿ ಚಮಚದಿಂದ ಒತ್ತಿದಳು. ಉಂಡೆ ತಟ್ಟೆಯಿಂದ ಹಾರಿ ಹಾಸಿಗೆಯ ಮೇಲೆ ಬಿತ್ತು.

"ಇದೇನೇ, ಗೋಲಿನಾ? ಹಲ್ಲಿಲ್ಲದೋಳಿಗೆ ಕಲ್ಲು ಬಡಿಸ್ತೀಯಾ?"

ಆಫ್ರಾಳ ಗಂಡ ಕೊರ್ಬಿನಿಯನ್ ಬಾಗಿಲಲ್ಲಿ ಇಣುಕಿದ. "ಭಾನುವಾರ ಅಂಗಡಿ ಮುಚ್ಚಿದ್ರೂ ಪೆಟ್ರೋಲ್ ಬಂಕಲ್ಲಿ ಪ್ಯಾಕೆಟ್ ಸೂಪು ಸಿಗುತ್ತೆ ಕಣೆ, ತರ್ಲಾ? ಅತ್ತೆಗೇನು ಗೊತ್ತಾಗುತ್ತೆ?"

"ಅತ್ತೆಗೆ ಕಿವಿ ಕೇಳುತ್ತೆ, ಅಳಿಯಂದಿರೇ!"

"ರೀ, ನೀವು ಆಚೆ ಹೋಗ್ರೀ ಮೊದ್ಲು!" ಎಂದು ಆಫ್ರಾ ಅವನನ್ನು ಅಟ್ಟಿದಳು.

ಎರಡನೇ ಸಲ ಕಣ್ಣುಮುಚ್ಚಿ, ಒಂದಕ್ಷರ ನುಂಗದೆ ಭಕ್ತಿಯಿಂದ ಜಪಿಸಿದಳು. ಮತ್ತೆ ಕಲ್ಲೇ. ಒಡೆದು ನೋಡಿದರೆ ನಡುವೆ ಹಸಿ ರವೆ. ಆಫ್ರಾ ಚಮಚವನ್ನು ತೊಟ್ಟಿಗೆ ಎಸೆದಳು.

"ನನ್ನ ಕೈಲಾಗಲ್ಲ! ಬೇಕಾದ್ರೆ ನೀನೇ ಬಂದು ಜಪ ಮಾಡು!"

"ಎತ್ಕೊಂಡು ಹೋಗಿ ಕೂರಿಸು, ಮಾಡ್ತೀನಿ!"

ಗಂಡಹೆಂಡತಿ ಸೇರಿ ಮುದುಕಿಯನ್ನು ಕುರ್ಚಿ ಸಮೇತ ಒಲೆಯ ಪಕ್ಕಕ್ಕೆ ತಂದರು. ಮೂರನೇ ಸಲದ ಉಂಡೆ ಸಾರಿಗೆ ಬಿತ್ತು, ಮುಚ್ಚಳ ಬಿತ್ತು, ಜಪಸರ ಹೊರಬಂತು.

"ನಮೋ ಮರಿಯಾ... ಉರಿ ಸಣ್ಣ ಮಾಡೇ. ಸಣ್ಣ ಅಂದ್ರೆ ಸಣ್ಣ! ನಮೋ ಮರಿಯಾ... ಈ ಪರದೆ ಒಗೆದು ಎಷ್ಟು ವರ್ಷ ಆಯ್ತು? ಅಳಿಯಂದಿರೇ, ಬೂಟು ಆಚೆ ಬಿಡಿ. ನಮೋ ಮರಿಯಾ... ಪಕ್ಕದ ಮನೆ ಮುದುಕ ನಮ್ಮ ಪ್ಲಮ್ ಹಣ್ಣು ಇನ್ನೂ ಕದೀತಾನಾ?"

(ಅದು ನಾನೇ. ಕದ್ದಿಲ್ಲ, ಕೆಳಗೆ ಬಿದ್ದದ್ದನ್ನು ಆರಿಸಿಕೊಂಡಿದ್ದೆ.)

ಕಾಲು ಗಂಟೆ ಕಳೆಯಿತು. ಆಫ್ರಾ ಮುಚ್ಚಳಕ್ಕೆ ಕೈಹಾಕಿದಳು. ಅಮ್ಮ ಫಟ್ಟೆಂದು ಹೊಡೆದಳು. "ಇನ್ನೂ ಹನ್ನೊಂದನೇ ಮಣಿ! ಆ ಹಿತ್ತಾಳೆ ಪಾತ್ರೆ ಎಲ್ಲಿ? ಯಾರಿಗೆ ಕೊಟ್ಟೆ?"

ಇಪ್ಪತ್ತನೇ ಮಣಿ ಮುಗಿದಾಗ ಗೋಡೆ ಗಡಿಯಾರದಲ್ಲಿ ಇಪ್ಪತ್ತೆಂಟು ನಿಮಿಷವಾಗಿತ್ತು. ಆಫ್ರಾಳ ಜಪಕ್ಕೆ ಆರು ನಿಮಿಷ ಹಿಡಿದಿದ್ದರೆ ಹೆಚ್ಚು.

"ಅಯ್ಯೋ ಅಮ್ಮಾ! ಇಷ್ಟೊತ್ತು ಬಿಡ್ಬೇಕು ಅಂತ ಬಾಯ್ಬಿಟ್ಟು ಹೇಳೋಕೇನಾಗಿತ್ತು? ಮೂವತ್ತು ವರ್ಷ ನಾನು ಕಲ್ಲು ತಿಂದೆನಲ್ಲ!"

"ಹೇಳಿದ್ನಲ್ಲೇ, ಇಪ್ಪತ್ತು ಮಣಿ ಅಂತ!"

"ನಿನ್ನ ಬೈಗುಳನೂ ಸೇರಿಸಿ ಅಂತ ಹೇಳಿದ್ಯಾ?"

"ನಾನೆಲ್ಲೇ ಬೈದೆ?"

ಮುಚ್ಚಳ ತೆಗೆದರೆ ಉಂಡೆಗಳು ಎರಡರಷ್ಟು ಉಬ್ಬಿ ಒಂದನ್ನೊಂದು ತಳ್ಳುತ್ತಾ ತೇಲುತ್ತಿದ್ದವು. ಚಮಚ ತಾಗಿಸಿದರೆ ಸಾಕು, ಹೋಳಾದವು. ಅಜ್ಜಿ ಒಂದು ತಿಂದಳು. ಎರಡು. ಮೂರು.

"ಉಪ್ಪು ಕಮ್ಮಿ," ಎಂದು ತಟ್ಟೆಯನ್ನು ಮತ್ತೆ ಮುಂದೆ ಚಾಚಿದಳು.

ಆಫ್ರಾ ಬಡಿಸಿದಳು. ಸಿಟ್ಟಿಗೋ ಏನೋ, ಕಣ್ಣು ತುಂಬಿ ಎರಡು ಉಂಡೆ ಹೆಚ್ಚೇ ಬಿದ್ದವು.

ಸೋಮವಾರ ನರ್ಸ್ ಬಂದಾಗ ಅಜ್ಜಿ ಇಡೀ ಪಾತ್ರೆ ಖಾಲಿ ಮಾಡಿದ್ದಳು. ಪಾಪ, ನರ್ಸಿಗೂ ಬೂಟಿನ ಬಗ್ಗೆ ಬೈಸಿಕೊಂಡೇ ಹೋಗಬೇಕಾಯಿತು.

ರವೆಯುಂಡೆ ಕಲ್ಲಾಯಿತೆಂದು ಗೋಳಾಡುವವರು ಯಾರಾದರೂ ಇದ್ದರೆ ಇದನ್ನು ಅವರಿಗೂ ಕಳಿಸಿ. ಪ್ಲಮ್ ಹಣ್ಣಿನ ಮಾತೊಂದನ್ನು ಕತ್ತರಿಸಿ ಕಳಿಸಿದರೆ ಉಪಕಾರವಾದೀತು.