ಕಲ್ಲು ಸುಟ್ಟಿತಂತೆ

ಅಯ್ಯಪ್ಪ, ಎಷ್ಟು ತಣ್ಣಗಿದೆ ಈ ಕಲ್ಲು, ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಇಟ್ಟದ್ದೇ ತಡ ಚಳಿ ಅಂಗಾಲಿನಿಂದ ಮೊಣಕಾಲಿಗೆ ಸರ್ರನೆ ಏರಿತು, ಡಿಸೆಂಬರಿನ ಹಂಪಿ ಎಂದರೆ ಹೀಗೇ, ಮಧ್ಯಾಹ್ನ ಕೆಂಡ, ಬೆಳಗ್ಗೆ ಇಬ್ಬನಿ — ಭುವನೇಶ್ವರಿ ಕಾಲ್ಬೆರಳು ಮಡಚಿಕೊಂಡು ನಿಂತಳು. ಬಿಸಿಲು ಇನ್ನೂ ಗೋಪುರದ ತುದಿಗಷ್ಟೇ ಹತ್ತಿದೆ, ಕೆಳಗೆಲ್ಲ ನೆರಳು, ಚಪ್ಪಲಿ ಕಾಯುವ ಓಬಳಪ್ಪ ಟವೆಲನ್ನು ಕಿವಿಗೆ ಸುತ್ತಿಕೊಂಡು ಕೂತಿದ್ದಾನೆ, ಇಲ್ಲೇ ಬಿಡ್ರಿ, ಚಪ್ಲಿ ಬೂಟು ಎಲ್ಲಾ ಇಲ್ಲೇ ಬಿಡ್ರಿ, ಒಳಗ ನಡಿಯಂಗಿಲ್ಲ. ಎಷ್ಟು ವರ್ಷದಿಂದ ಕೇಳಿದ ಮಾತು, ಗೈಡ್ ಆದಾಗಿನಿಂದ ಜರ್ಮನ್ ಪ್ರವಾಸಿಗರಿಗೆ ಇದನ್ನೇ ಅವರ ಭಾಷೆಯಲ್ಲಿ ಹೇಳಿ ಹೇಳಿ ಹೊಟ್ಟೆ ಹೊರೆದವಳು ಅವಳು, ಇವತ್ತು ಮಾತ್ರ ಆ ಮಾತು ಕಿವಿಗೆ ಬಿದ್ದದ್ದೇ ಹಿಂದೆ ತಿರುಗಿ ನೋಡಿದಳು. ಯಾಕೆಂದರೆ ಅಗೋ, ಹಿಂದಿನ ಜೀಪಿನಿಂದ ಇಳಿಯುತ್ತಿದ್ದಾನೆ ಹುಲಿಗೇಶ, ಅವಳ ತಮ್ಮ, ಬಾಗಿಲು ಹಿಡಿದುಕೊಂಡು, ಮೊದಲು ಒಂದು ಕಾಲು, ತಡೆದು ಇನ್ನೊಂದು ಕಾಲು. ತಳವಾರಘಟ್ಟದಲ್ಲಿ ಹರಿಗೋಲು ಹಾಕುವ ಹುಡುಗ, ಹುಟ್ಟಿದಾಗಿನಿಂದ ಚಪ್ಪಲಿಯನ್ನೇ ನೆಟ್ಟಗೆ ಮೆಟ್ಟದವನು, ಈಗ ಹೊಸ ಬೂಟು ತೊಟ್ಟಿದ್ದಾನೆ, ಬೂಟಿನೊಳಗೆ ಬೂದು ಬಣ್ಣದ ಕಾಲುಚೀಲ, ಅದೂ ಒಂದರ ಮೇಲೊಂದು.

ಗುಡಿಗೆ ಬರುವ ಮಾತೇ ಇರಲಿಲ್ಲವಲ್ಲ, ನಿನ್ನೆ ಸಂಜೆ ಹೊಸಪೇಟೆಯ ಹೋಟೆಲಿನಲ್ಲೇ ಎಲ್ಲ ಮುಗಿಯಬೇಕಿತ್ತು — ಎಸಿ ರೂಮು, ಗೋಡಂಬಿಯ ತಟ್ಟೆ, ಈ ಕಡೆ ಸೋಫಾದಲ್ಲಿ ಪೊಲೀಸ್ ಸಾಹೇಬರು, ಆ ಕಡೆ ಜರ್ಮನಿಯಿಂದ ಬಂದ ಉರ್ಸುಲಾ, ತಲೆ ನೆರೆತ ರಿಟೈರ್ಡ್ ಟೀಚರು, ಪಕ್ಕದಲ್ಲಿ ಅವಳ ಊರಿನ ಪತ್ರಿಕೆಯ ಮಾರ್ಟಿನ್, ನಡುವೆ ದುಭಾಷಿಯೆಂದು ತಾನು, ಮೂಲೆಯ ಕುರ್ಚಿಯಲ್ಲಿ ಹುಲಿಗೇಶ. ಸಾಹೇಬರು ಇಲಾಖೆಯ ಹೇಳಿಕೆಯನ್ನು ಓದಿದರು, ತಾನು ಜರ್ಮನ್‌ನಲ್ಲಿ ಹೇಳಿದಳು, ಒಂದು ಅಕ್ಷರ ಬಿಡದೆ ಹೇಳಿದಳು, ಸದರಿ ಯುವಕನನ್ನು ವಿಚಾರಣೆಗೆ ಕರೆದದ್ದು ನಿಜ, ಚಹಾ ಕೊಟ್ಟು ಕಳಿಸಿದ್ದು ನಿಜ, ಯಾರೂ ಅವನ ಮೈ ಮುಟ್ಟಿಲ್ಲ, ಹರಕೆ ಹೊತ್ತು ಬಿಸಿಲಿನಲ್ಲಿ ಬಂಡೆಯ ಮೇಲೆ ಬರಿಗಾಲಲ್ಲಿ ನಡೆದು ಅಂಗಾಲು ಸುಟ್ಟುಕೊಂಡಿದ್ದಾನೆ. ಕಲ್ಲು ಸುಟ್ಟಿತಂತೆ! ಉರ್ಸುಲಾ ಗೋಡಂಬಿ ಮುಟ್ಟಲಿಲ್ಲ, ಕಣ್ಣು ಕೀಳದೆ ಕೇಳಿದಳು, ಭುವನಾ, ಇದು ಅವರ ಮಾತು, ನಿನ್ನ ಮಾತೇನು, ಅವನ ಅಕ್ಕ ಏನು ಹೇಳುತ್ತಾಳೋ ಅದನ್ನೇ ಮಾರ್ಟಿನ್ ಬರೆಯುತ್ತಾನೆ. ಏನಂತಾರಮ್ಮ ಅವರು, ಎಂದು ಸಾಹೇಬರು. ಹೋಟೆಲು ಭಾಳ ಚಲೋ ಐತಿ ಅಂತಾರ್ರಿ ಸರ, ಎಂದು ತಾನು. ಥೂ, ಎಂಥ ಬಾಯಿ ಇದು. ನಾಳೆ ಹೇಳು, ಎಂದಳು ಉರ್ಸುಲಾ, ಅಷ್ಟೇ ಅಂದಳು.

ಆಮೇಲೆ ಸಾಹೇಬರಿಗೆ ಎಲ್ಲಿಲ್ಲದ ಉಮೇದು ಬಂತು, ಪರದೇಶದ ಮಂದಿ, ಇಷ್ಟು ದೂರ ಬಂದಾರ, ಹಂಗ ಕಳಿಸಿದ್ರ ಚಂದ ಕಾಣ್ತೈತೇನು, ನಾಳೆ ಮುಂಜಾನೆ ವಿರೂಪಾಕ್ಷನ ಗುಡಿಗೆ ಕರ್ಕೊಂಡು ಹೋಗೋಣ, ಶಾಲು ಹಾರ ಹಾಕಿಸೋಣ, ಹುಡುಗನ್ನೂ ಕರ್ಕೊಂಡು ಬರ್ರಿ, ದೇವ್ರ ಮುಂದ ಎಲ್ಲಾರೂ ನಕ್ಕೊಂತ ಒಂದು ಫೋಟೋ, ಅಲ್ಲಿಗೆ ಎಲ್ಲಾ ಮುಗೀತು. ಅತಿಥಿ ಬಂದರೆ ಗುಡಿ ತೋರಿಸುವುದು ಇಲ್ಲಿಯವರಿಗೆ ನೀರು ಕೊಟ್ಟಷ್ಟು ಸಹಜ, ಯಾರಾದರೂ ಯೋಚಿಸುತ್ತಾರೆಯೇ, ಗುಡಿ ಎಂದರೆ ಹೊಸ್ತಿಲು, ಹೊಸ್ತಿಲೆಂದರೆ ಬರಿಗಾಲು — ಸಾಹೇಬರಿಗೆ ಹೊಳೆಯಲಿಲ್ಲ, ಪಕ್ಕದಲ್ಲಿ ನಿಂತು ಹೂಂ ಹೂಂ ಎಂದ ಠಾಣೆಯ ಪಿಎಸ್ಐಗೆ ಹೊಳೆಯಲಿಲ್ಲ, ಅವಳಿಗೂ ಹೊಳೆದದ್ದು ಈಗಷ್ಟೇ, ಕಾರು ಕಮಲಾಪುರ ದಾಟುವಾಗ, ಮುಂದಿನ ಸೀಟಿನ ಸಾಹೇಬರ ಬೆನ್ನಿಗೆ ಹೇಳಿಬಿಡಲೇ, ಬ್ಯಾಡ್ರಿ ಸರ, ಗುಡಿ ಬ್ಯಾಡ, ಎಂದು ಬಾಯಿ ತೆರೆದಳು, ಮುಚ್ಚಿದಳು. ಹೇಳಿದರೆ ಅವರನ್ನು ಕಾಪಾಡಿದಂತೆ, ಹೇಳದಿದ್ದರೆ ತಮ್ಮನನ್ನು ಆ ಕಲ್ಲಿನ ಮೇಲೆ ನಿಲ್ಲಿಸಿದಂತೆ. ಕಾರು ಮಾತ್ರ ಹೋಗುತ್ತಲೇ ಇತ್ತು.

ಮಂಗ ಮಾಡಿದ ಕೆಲಸ, ಯಾರಿಗೆ ಹೇಳಬೇಕು, ದಸರಾ ಮುಗಿದ ಮೇಲೆ ಉರ್ಸುಲಾ ಮೊದಲ ಸಲ ಬಂದಾಗ ಹರಿಗೋಲಿನಿಂದ ಇಳಿದು ಬಂಡೆಯ ಮೇಲೆ ಕೈಚೀಲ ಇಟ್ಟು ಫೋಟೋ ತೆಗೆದಳು, ತಿರುಗಿ ನೋಡಿದರೆ ಚೀಲವಿಲ್ಲ, ಪಾಸ್‌ಪೋರ್ಟೂ ಇಲ್ಲ, ಹೆಂಗಸು ಹೌಹಾರಿ ದೂರು ಕೊಟ್ಟಳು, ಹತ್ತಿರ ಇದ್ದವನೊಬ್ಬನೇ, ಹುಲಿಗೇಶ. ಮೂರು ದಿನವಾದ ಮೇಲೆ ಮೇಲಿನ ಬಂಡೆಗುಂಡಿನ ಸಂದಿಯಲ್ಲಿ ಸಿಕ್ಕಿತು ಚೀಲ, ಕಚ್ಚಿ ಹರಿದ ಜಿಪ್ಪು, ಒಳಗೆ ಬಾಳೆಹಣ್ಣಿನ ಸಿಪ್ಪೆ, ಪಾಸ್‌ಪೋರ್ಟು ನೆಟ್ಟಗೆ. ಅಷ್ಟರಲ್ಲಿ ಮೂರು ರಾತ್ರಿ ಠಾಣೆಯಲ್ಲಿ — ಹೊರಗೆ ಬಂದವನು ಮೆಟ್ಟಿಲ ಮೇಲೆ ಕೂತುಬಿಟ್ಟ, ಏಳಲೊಲ್ಲ, ಆಟೋದವನು ಎತ್ತಿ ಒಳಗೆ ಕೂರಿಸಿದ. ಮನೆಯಲ್ಲಿ ಅವ್ವ ಗಾಳೆಮ್ಮ ಹರಳೆಣ್ಣೆ ಬೆಚ್ಚಗೆ ಮಾಡಿ ಅಂಗಾಲಿಗೆ ಬೆರಳು ತಾಗಿಸಿದ್ದೇ ಚೀರಿದ ನೋಡಿ, ಓಣಿಯವರೆಲ್ಲ ಹೊರಗೆ ಬಂದರು. ಬದನೆಕಾಯಿಯಂತೆ ಕಪ್ಪು ಮಿಶ್ರಿತ ನೇರಳೆ, ಎರಡೂ ಅಂಗಾಲು, ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ, ಮೇಲೆ ಪಾದದಲ್ಲಿ ಒಂದು ಗೀರಿಲ್ಲ, ಕೈಮೇಲೆ ಗೀರಿಲ್ಲ, ಹೊಡೆಯುವುದನ್ನು ಕಲಿತವರು ಹೊಡೆದ ಹೊಡೆತ. ಎಂಟು ಮಂದಿ ಕೂತ ಹರಿಗೋಲನ್ನು ಆ ಕಾಲು ಊರಿಯೇ ತಡೆಯುತ್ತಿದ್ದ, ನೀರು ಸೆಳೆದಾಗ. ಏನಾತೋ ತಮ್ಮಾ, ಹೇಳೋ. ಕಲ್ಲು ಸುಟ್ಟೈತಿ ಅಂತ ಹೇಳು ಅಂದಾರಕ್ಕಾ. ಗೋಡೆಗೆ ಮುಖ ಮಾಡಿ ಮಲಗಿದ.

ಇದೇ ಗುಡಿಯ ಕಲ್ಲಿನ ಮೇಲೆ, ಚೀಲ ಕಳೆಯುವ ಹಿಂದಿನ ದಿನ, ಉರ್ಸುಲಾ ಕುಣಿದಿದ್ದಳಲ್ಲ, ಮಧ್ಯಾಹ್ನದ ಹೊತ್ತು, ಗುಡಿಯೆಂದು ಶೂ ಬಿಟ್ಟು ಅಂಗಳಕ್ಕೆ ಇಳಿದವಳು ಹೂ ಹಾ ಎಂದು ಒಂದು ಕಾಲಿನಿಂದ ಇನ್ನೊಂದಕ್ಕೆ ಜಿಗಿಯುತ್ತ, ಚೀಲ ಹೊತ್ತು ತಂದಿದ್ದ ಹುಲಿಗೇಶ ಪಕ್ಕದಲ್ಲಿ ಬರಿಗಾಲಲ್ಲಿ ಆರಾಮಾಗಿ ನಿಂತು ನಗುತ್ತಿದ್ದ, ಏನ್ ಮೇಡಂ, ಇಷ್ಟಕ್ಕ ಸುಟ್ಟ ಹಂಗ ಮಾಡ್ತೀರಲ್ಲ. ಅವಳೇ ವಿಡಿಯೋ ಮಾಡಿಕೊಂಡಳು, ನಗುವ ಹುಡುಗ, ಸುಡುವ ಕಲ್ಲು, ಅಲುಗದ ಕಾಲು. ಚೀಲ ಸಿಕ್ಕಿತೇ ಎಂದು, ತಾತ್ಕಾಲಿಕ ಪಾಸ್‌ಪೋರ್ಟಿನಲ್ಲಿ ಊರಿಗೆ ಹೋದ ಮೇಲೆ, ಫೋನ್ ಮಾಡಿದವಳಿಗೆ ತಾನು ನಡೆದದ್ದೆಲ್ಲ ಹೇಳಿ ಅತ್ತುಬಿಟ್ಟಿದ್ದಳು. ಆಕಡೆಯಿಂದ, ನನ್ನ ದೂರಿನಿಂದಲೇ ಹೀಗಾಯಿತಲ್ಲ, ಎಂದ ಒಂದು ಸಣ್ಣ ದನಿ. ಅವಳು ತನ್ನ ಊರಿನ ಪತ್ರಿಕೆಗೆ ಹೇಳಿದಳು, ಪತ್ರಿಕೆಯವರು ಇಲ್ಲಿಗೆ ಕೇಳಿದರು, ಇಲ್ಲಿಂದ ಹೋಯಿತು ಉತ್ತರ, ಕಲ್ಲು. ಆ ವಿಡಿಯೋದ ಪಕ್ಕ ಈ ಉತ್ತರವನ್ನು ಇಟ್ಟು ಅಚ್ಚು ಹಾಕಿದರಂತೆ, ಬೇರೆ ಪತ್ರಿಕೆಗಳೂ ಎತ್ತಿಕೊಂಡವಂತೆ, ಅಲ್ಲಿಯ ಟಿವಿಯಲ್ಲಿ ಜನ ನಕ್ಕರಂತೆ. ಹೊಡೆದದ್ದು ಒಂದು ಠಾಣೆಯ ನಾಲ್ಕು ಗೋಡೆಯೊಳಗೆ, ಹೊಡೆದಿಲ್ಲ ಎಂದದ್ದು ಮಾತ್ರ ಏಳು ಸಮುದ್ರ ದಾಟಿ ಹೋಯಿತು. ಹೊಡೆದವನ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ, ಅವರಿಗೆ ಗೊತ್ತಿರುವುದು ಇಂಡಿಯಾ ಹೀಗೆ ಹೇಳಿತು ಎನ್ನುವುದು. ಅಯ್ಯೋ ಮಾರಾಯರೇ, ತಪ್ಪಾಯಿತು, ವಿಚಾರಿಸುತ್ತೇವೆ ಎಂದಿದ್ದರೆ ಅರ್ಧ ಸುದ್ದಿ ಅಲ್ಲೇ ಸಾಯುತ್ತಿತ್ತು, ದೇಶದ ಮಾನ ಕಾಯುತ್ತೇವೆ ಎಂದು ಹೊರಟವರೇ ಅದನ್ನು ಬೀದಿಗೆ ತಂದಿಟ್ಟರು.

ಆ ಬೀದಿಯಲ್ಲಿ ನಿಂತವಳು ಅವಳೇ ಅಲ್ಲವೇ. ಹೋದ ತಿಂಗಳು ಬಂದ ಗುಂಪಿಗೆ ಬಜಾರದ ಸಾಲುಕಂಬ ತೋರಿಸಿ ಹೇಳುತ್ತಿದ್ದಳು, ಇಲ್ಲೇ ಮುತ್ತುರತ್ನ ರಾಶಿ ಹಾಕಿ ಮಾರುತ್ತಿದ್ದರು, ದೇಶ ದೇಶದವರು ಬಂದು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ — ಉದ್ದನೆಯವನೊಬ್ಬ ನಡುವೆ ಬಾಯಿ ಹಾಕಿದ, ಇದೂ ಪೊಲೀಸರು ಹೇಳಿದ್ದೇನು? ಎಲ್ಲರೂ ನಕ್ಕರು, ಕೆಟ್ಟದಾಗಿಯಲ್ಲ, ಸುಮ್ಮನೆ ನಕ್ಕರು, ಅದಕ್ಕೇ ಮುಖಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ನಿಜವನ್ನೇ ಹೇಳಿದ ಬಾಯಿ, ಕಲ್ಲುಕಲ್ಲಿನ ಕತೆ ಓದಿ ಕಲಿತು ಹೇಳಿದ ಬಾಯಿ, ಯಾರದೋ ಒಂದು ಸುಳ್ಳಿಗೆ ಎಂಜಲಾಯಿತು. ಕೋಪ ಬಂತು, ಆ ಉದ್ದನೆಯವನ ಮೇಲಲ್ಲ. ನಿನ್ನೆ ಅದೇ ಸುಳ್ಳನ್ನು ಅದೇ ಬಾಯಿಂದ ಜರ್ಮನ್ ಮಾಡಿದಳಲ್ಲ, ಮಾಡಿಸಿದರಲ್ಲ, ಬೇರೆ ದುಭಾಷಿ ಸಿಗಲಿಲ್ಲವೇ ಇವರಿಗೆ, ಸಿಗುತ್ತಿದ್ದರು, ಅಕ್ಕನೇ ಬೇಕಿತ್ತು, ನೋಡಮ್ಮ, ಒಡಹುಟ್ಟಿದಾಕಿ ನೀನೇ ಹೇಳಿದ್ರ ಅವರು ನಂಬ್ತಾರ, ನಿನ್ನ ಗೈಡ್ ಕಾರ್ಡು ರಿನಿವಲ್‌ಗೆ ಬಂದೈತಂತಲ್ಲ, ಹುಡುಗನ ಹರಿಗೋಲು ಪರ್ಮಿಟ್ಟೂ ನಿಂತೈತಿ, ಎರಡೂ ಮಾಡಿಸಿ ಕೊಡೋಣ, ಏನಂತೀ, ಎಂದಿದ್ದರು ಸಾಹೇಬರು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಜಂಬುನಾಥ್ ಮುಖಕ್ಕಂಟಿದ ಬಸ್ಸಿನ ಧೂಳು ತೊಳೆಯುತ್ತ ಅಂದ, ಹೇಳಿ ಬಾರಲೇ ಅತ್ಲಾಗ, ನಿನ್ ಗಂಟೇನು ಹೋಗ್ತೈತಿ. ಹುಲಿಗೇಶನೂ ಅದನ್ನೇ ಅಂದ, ಹೇಳಿಬಿಡಕ್ಕಾ, ನನಗ ನೀರಿಗೆ ಇಳಿಯಾಕ ಬಿಟ್ರ ಸಾಕು. ಅವ್ವ ಮಾತ್ರ ಎಣ್ಣೆಯ ಬಟ್ಟಲು ಹಿಡಿದುಕೊಂಡು ಆ ಕಾಲನ್ನೇ ನೋಡುತ್ತ ಕೂತಳು.

ಭುವನಾ, ಬಾ, ಎಂದು ಉರ್ಸುಲಾ ಕರೆಯುತ್ತಿದ್ದಾಳೆ, ಶೂ ಬಿಚ್ಚಿ ಓಬಳಪ್ಪನ ಮುಂದೆ ಇಟ್ಟು ಕಲ್ಲಿಗೆ ಇಳಿದಾಯಿತು, ಬಿಳಿ ಪಾದ, ನೀಲಿ ನರ, ಈ ಸಲ ಕುಣಿಯುತ್ತಿಲ್ಲ, ಭುಜಕ್ಕೆ ಶಾಲು ಎಳೆದುಕೊಂಡು ಹೂ ಎಂದು ನಡುಗಿ ನಕ್ಕಳು. ಮಾರ್ಟಿನ್‌ದೂ ಬರಿಗಾಲು. ಸಾಹೇಬರದೂ ಬರಿಗಾಲು, ಹೆಬ್ಬೆರಳು ಮೇಲೆತ್ತಿ ಹಿಮ್ಮಡಿಯ ಮೇಲೆ ನಿಂತಿದ್ದಾರೆ, ಭಾಳ ಥಂಡಿ ಐತಲ್ರೀ, ಎನ್ನುತ್ತ ಪಿಎಸ್ಐಗೆ. ಹಾರ ಹಿಡಿದ ಅರ್ಚಕರು ಒಳಬಾಗಿಲಲ್ಲಿ ಕಾಯುತ್ತಿದ್ದಾರೆ, ಎಲ್ಲರೂ ಈಚೆ, ಒಬ್ಬನೇ ಆಚೆ. ಬೂಟು ಬಿಡಪ್ಪ, ಎಂದ ಓಬಳಪ್ಪ. ಹುಲಿಗೇಶ ಅಕ್ಕನನ್ನು ನೋಡಿದ. ಬಾಗಿದ. ಒಂದು ಲೇಸು ಎಳೆದ. ಯಾಕ ತಡ, ಜಲ್ದಿ ಬಾರೋ, ಎಂದು ಸಾಹೇಬರು, ಅವರಿಗೆ ಇನ್ನೂ ಹೊಳೆದಿಲ್ಲವಲ್ಲ, ಹಾರದ ಕಡೆ ನೋಡುತ್ತಿದ್ದಾರೆ — ಬೂಟು ಬಂತು, ಮೇಲಿನ ಕಾಲುಚೀಲ ಬಂತು, ಒಳಗಿನದು ಬರಲೊಲ್ಲದು, ಸಿಪ್ಪೆ ಬಿಡಿಸಿದಂತೆ ಬಿಡಿಸುತ್ತಿದ್ದಾನೆ, ತುಟಿ ಕಚ್ಚಿಕೊಂಡು, ಇಷ್ಟು ಥಂಡಿಯಲ್ಲಿ ಹಣೆಯ ಮೇಲೆ ಬೆವರು, ಬಂತು. ಕಾಲು ಕೆಳಗೆ ಬಂದು, ಕಲ್ಲು ಇನ್ನೇನು ತಾಗಬೇಕು, ನಿಂತಿತು. ಓಬಳಪ್ಪನ ಹೆಗಲು ಹಿಡಿದುಕೊಂಡ. ಮತ್ತೆ ಇಳಿಸಿದ, ಬೆರಳ ತುದಿ ತಾಗಿತೋ ಇಲ್ಲವೋ ಮೈಯೆಲ್ಲ ಎಳೆದುಕೊಂಡಿತು.

ಯಾಕೆ, ಎಂದು ಉರ್ಸುಲಾ ಕೇಳಿದಳು, ಜರ್ಮನ್‌ನಲ್ಲಿ, ಮೆಲ್ಲಗೆ, ಅವನು ಯಾಕೆ ಕಾಲು ಊರುತ್ತಿಲ್ಲ? ಏನಂತಾರ, ಎಂದು ಸಾಹೇಬರು ತಿರುಗಿದರು, ನೋಡಿದರು, ಈಗ ಹೊಳೆಯಿತು, ಮುಖದ ನೀರು ಇಳಿಯಿತು, ಎಷ್ಟೋ ಸಲ ಓದಿ ಬಾಯಿಪಾಠವಾದದ್ದು ತಾನಾಗಿಯೇ ಬಂತು, ಹೇಳಮ್ಮ, ಅದೇ, ಕಲ್ಲು ಸುಡ್ತೈತಿ ಅಂತ ಹೇಳು. ಪಿಎಸ್ಐ ತಲೆ ತಗ್ಗಿಸಿದ. ಓಬಳಪ್ಪ ಕಿವಿಯ ಟವೆಲು ಬಿಚ್ಚಿದ, ಸರಿಯಾಗಿ ಕೇಳಿತೋ ಇಲ್ಲವೋ ಎಂಬಂತೆ. ಯಾರ ಕಿವಿಗೆ ಹೂ ಇಡುತ್ತೀರಿ ಸಾಹೇಬರೇ, ನಿಮ್ಮ ಕಾಲಿಗೇ ಕೇಳಿ, ಮಡಚಿಕೊಂಡಿವೆಯಲ್ಲ ನಿಮ್ಮ ಬೆರಳು — ಕಾರ್ಡು, ಪರ್ಮಿಟ್ಟು, ಗಂಟೇನು ಹೋಗುತ್ತದೆ, ನೀರಿಗೆ ಇಳಿಯಲು ಬಿಟ್ಟರೆ ಸಾಕು, ಎಲ್ಲ ಒಟ್ಟಿಗೇ ತಲೆಯೊಳಗೆ ಗಿರ್ರೆಂದವು, ಅವಳು ಉರ್ಸುಲಾಳ ಕಡೆ ತಿರುಗಿದಳು, ಕಲ್ಲು ಸುಡುತ್ತಿದೆ ಎಂದು ಹೇಳು ಅಂತ ಇವರು ನನಗೆ ಹೇಳುತ್ತಿದ್ದಾರೆ, ಎಂದಳು, ಜರ್ಮನ್‌ನಲ್ಲಿ, ನಿಧಾನವಾಗಿ, ಒಂದು ಅಕ್ಷರ ಬಿಡದೆ. ಉರ್ಸುಲಾ ಬಗ್ಗಿ ತನ್ನ ಪಾದಗಳನ್ನು ನೋಡಿಕೊಂಡಳು. ನಿನ್ನೆ ನೀವು ಕೇಳಿದ್ದಕ್ಕೆ ಉತ್ತರ, ಎಂದಳು ಭುವನೇಶ್ವರಿ, ಹೊಡೆದಿದ್ದಾರೆ, ನನ್ನ ತಮ್ಮನನ್ನು ಠಾಣೆಯಲ್ಲಿ ಮೂರು ರಾತ್ರಿ ಅಂಗಾಲಿಗೆ ಹೊಡೆದಿದ್ದಾರೆ, ಮಾರ್ಟಿನ್ ನನ್ನ ಹೆಸರು ಹಾಕಿ ಬರೆಯಲಿ. ಹೇಳಿದ್ಯಾ, ಎಂದು ಸಾಹೇಬರು, ಏನಂತ ಹೇಳಿದಿ? ಉತ್ತರ ಕೊಡಬೇಕು, ಅವರಿಗೂ ಅವರ ಭಾಷೆಯಲ್ಲೇ ಹೇಳಬೇಕು, ಇದ್ದದ್ದನ್ನು ಹೇಳಿದೆ ಸಾಹೇಬ್ರ ಎನ್ನಬೇಕು, ಎನ್ನುತ್ತಾಳೆ, ಈಗ ಎನ್ನುತ್ತಾಳೆ, ಮೊದಲು ಅವನಿಗೆ, ಊರಬ್ಯಾಡ ತಮ್ಮಾ, ಕಾಲು ಊರಬ್ಯಾಡ, ಸಾಕು — ಅವನು ಊರಿಲ್ಲ, ಓಬಳಪ್ಪನ ಹೆಗಲು ಹಿಡಿದು ಹಾಗೇ ನಿಂತಿದ್ದಾನೆ, ಕಲ್ಲಿನ ಮೇಲೆ ಇಬ್ಬನಿ, ಇಬ್ಬನಿಯ ಮೇಲೆ, ಒಂದು ಬೆರಳಿನಷ್ಟು ಮೇಲೆ, ಕಾಲು, ಇಳಿಯದ ಕಾಲು.