ಹಗಲು ಹೊತ್ತಿನ ಸಣ್ಣಾಟ

"ಏ ಬೋಸಡೀಮಗನ, ಎತ್ತಿಗೆ ನೀರ್ ಕುಡಿಸಿಯೇನಲೇ? ಕೂಳ್ ತಿಂದು ಕ್ವಾಣ ಆಗೀಯಲ್ಲ, ಎದ್ದೇಳಲೇ ಹಾಟ್ಯಾ!"

ಡಾಕಪ್ಪ ಅಟ್ಟದ ಮೇಲಿನಿಂದ ಅಬ್ಬರಿಸಿದ. ಅಟ್ಟವೆಂದರೆ ಗೂಟಗಳ ಮೇಲೆ ಹೊಂದಿಸಿದ ಹಲಗೆ. ತಲೆಗೆ ಗೋಣಿಯ ಪಟಗ, ಅಂಗಿಯೊಳಗೆ ಹುಲ್ಲು ತುಂಬಿದ ಹೊಟ್ಟೆ, ಮೂಗಿನ ಕೆಳಗೆ ಮಸಿಯ ಮೀಸೆ. ಎದುರಿಗೆ ಆಳಿನ ಪಾತ್ರದ ಈಶಪ್ಪ ಗಡಗಡ ನಡುಗುತ್ತಿದ್ದ. ನಡುಗುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಣ್ಣಾಟದ ನಡುವೆ ಬರುವ ಗೌಡನ ಸೋಗು ಅದು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಕರಿಬಸಪ್ಪಗೌಡನ ಕಣದಲ್ಲಿ ಅವನ ಆಳುಗಳೇ ಆಟ ಕಟ್ಟುವರು, ಗೌಡನ ಮುಂದೆಯೇ ಗೌಡನನ್ನು ಅಣಕಿಸುವರು, ಗೌಡನೂ ಹೊಟ್ಟೆ ಕುಣಿಸಿ ನಗುವನು. ಆಟ ನಡೆಯುತ್ತಿದ್ದದ್ದು ರಾತ್ರಿ. ದೀವಟಿಗೆಯ ಬೆಳಕೆಲ್ಲ ಅಟ್ಟದ ಮೇಲೆ, ಜನವೆಲ್ಲ ಕತ್ತಲಲ್ಲಿ. ಯಾರು ನಕ್ಕರು, ಯಾರು ಬಿದ್ದು ಬಿದ್ದು ನಕ್ಕರು ಎಂದು ಗೌಡನಿಗೆ ಕಾಣುತ್ತಿರಲಿಲ್ಲ. ಕಾಣದ್ದಕ್ಕೆ ಅವನು ಸಿಟ್ಟಾಗಬೇಕಾಗಿಯೂ ಇರಲಿಲ್ಲ.

ಈ ವರ್ಷ ಯುದ್ಧ. ದಾಂಡೇಲಿ ಕಾಡಿನ ಸಾಗವಾನಿ ಯಾರದೋ ಜಗಳಕ್ಕೆ ರೈಲು ಹತ್ತುತ್ತಿತ್ತು. ಹಳಿಯಾಳದ ಅಂಗಡಿಗಳಲ್ಲಿ ಸೀಮೆಎಣ್ಣೆಯ ವಾಸನೆ ಮಾತ್ರ ಉಳಿದಿತ್ತು. ಆಳುಗಳು ದೀವಟಿಗೆಗೆ ಎಣ್ಣೆ ಕೇಳಲು ಹೋದಾಗ ಗೌಡ ಅಂದಿದ್ದ:

"ಹಗಲೊತ್ತಿನ್ಯಾಗ ಆಡ್ರಲೇ. ಸೂರ್ಯಾಗೂ ರೇಶನ್ ಐತೇನು?"

ಹೀಗಾಗಿ ಬಿಸಿಲಲ್ಲಿ ಆಟ. ಗೌಡ ಕುರ್ಚಿಯನ್ನು ಅಟ್ಟದ ಕಡೆಗಲ್ಲ, ಜನರ ಕಡೆಗೆ ತಿರುಗಿಸಿ ಕೂತಿದ್ದ. ಡಾಕಪ್ಪ ಬೈದಂತೆಲ್ಲ ಜನ ಕೆಮ್ಮಿದರು. ಮಹಾದೇವಕ್ಕ ಸೆರಗು ಕಚ್ಚಿದಳು. ಒಬ್ಬನಂತೂ ಬಗ್ಗಿ ಅಂಗಾಲಿನಲ್ಲಿ ಇಲ್ಲದ ಮುಳ್ಳನ್ನು ಹುಡುಕತೊಡಗಿದ. ಎಲ್ಲರ ಗುಡಿಸಲೂ ಗೌಡನ ನೆಲದಲ್ಲಿ. ಲಂಬಾಣಿ ತಾಂಡೆಯ ಮನೆಗೊಬ್ಬರಂತೆ ಗೌಡನ ಕೊಟ್ಟಿಗೆಯಲ್ಲಿ ಬಿಟ್ಟಿ ಚಾಕರಿ. ಡಾಕಪ್ಪನ ಹೆಂಡತಿ ಗಂಗಿಬಾಯಿ ದಿನಾ ಬೆಳಗ್ಗೆ ಅಲ್ಲಿ ಸೆಗಣಿ ಹೊರುತ್ತಿದ್ದಳು. ಇಂಥಲ್ಲಿ ಹಲ್ಲು ತೋರಿಸುವುದು ಹೇಗೆ?

ನಗು ಬಾರದಿದ್ದರೆ ಸೋಗಿನವನಿಗೆ ಹುಚ್ಚು ಹಿಡಿಯುತ್ತದೆ. ಡಾಕಪ್ಪ ಹುಲ್ಲಿನ ಹೊಟ್ಟೆಯನ್ನು ಮುಂದೆ ನೂಕಿ, ಕೊರಳ ನರ ಉಬ್ಬಿಸಿ ಇನ್ನೊಮ್ಮೆ ಕೂಗಿದ:

"ಎತ್ತು ಎಲ್ಲೆದಾವಲೇ, ನಿಮ್ಮಪ್ಪನ ಮದಿವಿಗಿ ಕಳಿಸೀಯೇನು?"

ಅಟ್ಟದ ಬದಿಗೆ ಕಂಬಕ್ಕೊರಗಿ ಮುದುಕ ಶೇಖಪ್ಪ ತೂಕಡಿಸುತ್ತಿದ್ದ. ಮೀಸೆ ಮೂಡುವ ಮೊದಲೇ ಗೌಡನ ಮನೆಯಲ್ಲಿ ಜೀತಕ್ಕೆ ಬಿದ್ದವನು. ಕೂಗು ಕಿವಿಗೆ ಬಿದ್ದದ್ದೇ, ಕಣ್ಣು ಅರ್ಧ ತೆರೆದು ದಡಕ್ಕನೆ ಎದ್ದ.

"ಬಂದ್ನೆರೀ ಯಪ್ಪಾ!"

ಓಡಿಯೇ ಬಿಟ್ಟ. ಅವನೆಲ್ಲಿಗೆ ಓಡಿದ ಎಂದು ಜನ ನೋಡುವಷ್ಟರಲ್ಲಿ ಗೌಡನ ಜೋಡೆತ್ತುಗಳನ್ನು ಕಣದ ಮಗ್ಗುಲಿನ ಕೆರೆಗೆ ಹೊಡೆದು, ನೀರು ಕುಡಿಸಿ, ನೆರೆದವರ ನಡುವೆಯೇ ದಾರಿ ಮಾಡಿಕೊಂಡು ತಂದು ಅಟ್ಟದ ಮುಂದೆ ನಿಲ್ಲಿಸಿದ. ಡಾಕಪ್ಪನಿಗೆ ಕೈ ಮುಗಿದ.

"ಕುಡಿಸೇನ್ರಿ ಗೌಡ್ರ. ಹೊಡೀಬ್ಯಾಡ್ರಿ."

ಡಾಕಪ್ಪ ಅಟ್ಟದ ಅಂಚಿಗೆ ಬಂದು ಬಗ್ಗಿದ. ಅಷ್ಟರಲ್ಲಿ ಬಲಗಡೆಯ ಎತ್ತು ಕತ್ತು ಚಾಚಿ, ಅಂಗಿಯಿಂದ ಇಣುಕಿದ ಹುಲ್ಲನ್ನು ಎಳೆದು ಮೇಯತೊಡಗಿತು. ಗೌಡನ ಹೊಟ್ಟೆ ಎಲ್ಲರ ಕಣ್ಣೆದುರಿಗೆ ಕರಗುತ್ತ ಬಂತು.

ಮೊದಲು ನಕ್ಕು ಸಿಡಿದವಳು ಹೆಂಗಸರ ನಡುವೆ ಕೂತಿದ್ದ ಕಾಶೆವ್ವ. ಆಮೇಲೆ ಇಡೀ ಕಣ. ಕೆಮ್ಮಿದವರು, ಮುಳ್ಳು ಹುಡುಕಿದವನು, ಮಹಾದೇವಕ್ಕ, ಎಲ್ಲರೂ.

ಕರಿಬಸಪ್ಪಗೌಡ ಕುರ್ಚಿ ಒದ್ದು ಎದ್ದ.

"ಏ ಬೋಸಡೀಮಕ್ಕಳ! ಬಾಯಿ ಮುಚ್ರಲೇ! ಕೂಳ್ ತಿಂದು ಕ್ವಾಣ ಆಗೀರೇನು?"

ಶೇಖಪ್ಪ ಒಮ್ಮೆ ಅಟ್ಟದ ಗೌಡನನ್ನು, ಒಮ್ಮೆ ನೆಲದ ಗೌಡನನ್ನು ನೋಡಿದ. ಯಾರಿಗೆ ಕೈ ಮುಗಿಯಬೇಕೆಂದು ಅವನಿಗೆ ತಿಳಿಯಲಿಲ್ಲ. ಕಾಶೆವ್ವ ಕಣ್ಣೀರು ಒರೆಸಿಕೊಳ್ಳುತ್ತ ಪಕ್ಕದವಳಿಗೆ ಅಂದದ್ದು ಎಲ್ಲರಿಗೂ ಕೇಳಿಸಿತು:

"ಏನ ಅನ್ನವ್ವಾ, ಡಾಕಪ್ಪಂದ ಚಲೋ ಐತಿ. ಇವಂದು ಬರೊಬ್ಬರಿ ಬರವಲ್ದು."

ಅಂದಿನಿಂದ ಗೌಡನ ಬಾಯಿಯ ಖದರು ಕೆಟ್ಟಿತು. ಗದ್ದೆಯ ಬದುವಿನಲ್ಲಿ ನಿಂತು ಅವನು 'ಬೋಸಡೀ' ಎಂದರೆ ಸಾಕು, ಹೆಂಗಸರು ಬಗ್ಗಿ ಸೆರಗು ಮುಚ್ಚಿಕೊಳ್ಳುವರು, ಭುಜಗಳು ಕುಣಿಯುವವು. ಗೌಡ ರೇಗಿ ಈಶಪ್ಪನಿಗೆ ಬಾರುಕೋಲಿನಿಂದ ಬಿಗಿದ. ಈಶಪ್ಪ ನಡುಗಿದ. ಥೇಟು ಆಟದಲ್ಲಿ ನಡುಗಿದ ಹಾಗೇ ಇತ್ತು. ಬೆನ್ನ ಮೇಲೆ ಬಾಸುಂಡೆ ಏಳುತ್ತಿರುವಾಗಲೇ ಹೊಡೆಸಿಕೊಂಡವನಿಗೆ ನಗು ಬಂತು. ನಗುವವನನ್ನು ಎಷ್ಟೆಂದು ಹೊಡೆಯುವುದು? ಗೌಡ ಬಾರುಕೋಲು ಎಸೆದು ಮನೆಗೆ ಹೋದ. ಆ ದಿನ ಕೆಲಸ ಅರ್ಧಕ್ಕೇ ನಿಂತಿತು.

ಮರುದಿನ ಡಾಕಪ್ಪನಿಗೆ ಕರೆ ಬಂತು.

"ಹೋಗು, ಚರ್ಮ ಸುಲಿಸ್ಕೊಂಡು ಬಾ" ಎಂದಳು ಗಂಗಿಬಾಯಿ, ಸೆಗಣಿ ಬುಟ್ಟಿ ಎತ್ತಿಕೊಂಡು. ಅವಳೂ ಅದೇ ಮನೆಗೆ ಹೊರಟಿದ್ದಳು, ಹಿತ್ತಿಲ ದಾರಿಯಿಂದ.

ಗೌಡ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಡಾಕಪ್ಪ ಮೆಟ್ಟಿಲ ಕೆಳಗೆ, ಬಿಸಿಲಿಗೆ. ಚಹಾ ಮುಗಿಯಿತು. ಗೌಡ ಮೀಸೆ ಒರೆಸಿಕೊಂಡ, ತಾಂಬೂಲ ಹಾಕಿಕೊಂಡ, ಡಾಕಪ್ಪನ ಕಾಲ ಹತ್ತಿರವೇ ಉಗುಳಿದ.

"ಲಂಬಾಣಿ ಸೂಳೇಮಗನ, ನನ್ನ ಬಾಯಿ ಕಸ್ಕೊಂಡೆಲ್ಲಲೇ."

"ಆಟಾರೀ ಅದು, ಗೌಡ್ರ."

"ಗೊತ್ತೈತಿ ತಗಿ. ನಾ ಮೂರ ಸಲ ಕರದ್ರೂ ಆ ಶೇಖ್ಯಾ ಏಳೂದಿಲ್ಲ. ನೀ ಒಂದ ಸಲ ಒದರಿದ್ರ ಓಡಿದ." ಗೌಡ ದನಿ ಇಳಿಸಿದ. "ನಾಳಿಂದ ಆಳುಗೋಳ ಮ್ಯಾಲ ನೀನ ಮುಕ್ಕದಮ. ನಾ ಬೈಯೂದನ್ನ ನೀ ಬೈ. ನಿನ್ನ ಬಾಯಾಗ ಚಲೋ ಬರ್ತೈತಿ."

ಒಳಗಿನಿಂದ ತನ್ನ ಹಳೆಯ ಕೋಟು ತರಿಸಿ ಕೆಳಗೆ ಎಸೆದ. ಡಾಕಪ್ಪ ಹಿಡಿದುಕೊಂಡ. ಉಣ್ಣೆಯ ಕೋಟು, ತೋಳಿನಲ್ಲಷ್ಟೇ ಹುಳು ಹಿಡಿದಿತ್ತು.

"ನಿಮ್ಮ ಮನಿಗೆ ಬಿಟ್ಟಿ ಮಾಫ್. ನಿನ್ನ ಹೇಂತಿ ಸೆಗಣಿ ಹೊರೂದು ಬ್ಯಾಡ. ಮನಿಯಾಗ ಕುಂತು ರೊಟ್ಟಿ ಬಡೀಲಿ."

ಡಾಕಪ್ಪನ ಮೈ ಬೆಚ್ಚಗಾದದ್ದು ಸುಳ್ಳಲ್ಲ. ಗಂಗಿಬಾಯಿ ರಾತ್ರಿ ಮಗ್ಗಲು ಬದಲಿಸುವಾಗ ನರಳುವುದನ್ನು ಅವನು ಕೇಳಿದ್ದ. ಕೋಟಿನ ಒಂದು ತೋಳಿಗೆ ಕೈ ತೂರಿಸಿದ.

"ಹಾಂ. ಹಂಗ ಒಂದ್ ಸಲ ತೋರಸು ಈಗ" ಎಂದ ಗೌಡ, ಹುರುಪಿನಿಂದ. "ಅಲ್ನೋಡು, ಕೊಟ್ಟಿಗಿ ಮುಂದ ಹೆಂಗಸ್ರು ಹರಟಿ ಹೊಡ್ಯಾಕತ್ತಾರ. ಒದರು. ತಾಯಿ ಹಿಡದು ಒದರು."

ಮೂವರು ಹೆಂಗಸರು ಬುಟ್ಟಿ ಹೊತ್ತು ನಿಂತಿದ್ದರು. ನಡುವಿನವಳು ಗಂಗಿಬಾಯಿ. ಗೌಡ ಅಂದದ್ದು ಅವಳಿಗೂ ಕೇಳಿಸಿತ್ತು. ಸೆಗಣಿಯ ನೀರು ಹಣೆಯಿಂದ ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಗಂಡನ ಕೋಟನ್ನೇ ನೋಡಿದಳು.

"ಒದರೋ, ಏನ್ ಒದರ್ತಿ ಒದರು" ಎಂದಳು. "ಕಣದಾಗ ನಕ್ಕೇನಿ. ಇಲ್ಲಿ ನಗಬೇಕೋ ಓಡಬೇಕೋ, ಅದನ್ನ ಮೊದ್ಲ ಹೇಳು."

ಉಳಿದಿಬ್ಬರಿಗೆ ನಗು ಬಂತು. ಗಂಗಿಬಾಯಿ ನಗಲಿಲ್ಲ. ಕಾದು ನಿಂತಳು.

ಡಾಕಪ್ಪ ಕೋಟಿನ ತೋಳಿನಿಂದ ಕೈ ಎಳೆದುಕೊಂಡು, ಕೋಟನ್ನು ಮೆಟ್ಟಿಲ ಮೇಲೆ ಇಟ್ಟ.

"ಒಲ್ಲೆ."

"ಏನಂದಿ?"

"ಒಲ್ಲೆ ಅಂದ್ನಿ."

"ಗುಡಸಲ ಕೀಳಸ್ತೇನಿ ಮಗನ! ಇಡೀ ತಾಂಡೇನ ಎಬ್ಬಸ್ತೇನಿ!"

"ಎಬ್ಬಸ್ರಿ" ಎಂದ ಡಾಕಪ್ಪ. "ನಾ ಒಲ್ಲೆ."