ಬೀಗದಕೈ ಕೊಟ್ಟ ದಿನ

"ಬೀಗದಕೈ ವಾಪಸ್ ಕೊಟ್ಟಿದ್ದು ಹತ್ತೊಂಬತ್ತನೇ ತಾರೀಕು ಅಲ್ವಾ, ಯಜಮಾನ್ರೇ?" ಬಾಡಿಗೆ ತಕರಾರುಗಳ ಕಚೇರಿಯ ಹೆಂಗಸು ಚೀಟಿಯಿಂದ ಕಣ್ಣೆತ್ತದೆ ಕೇಳಿದಳು.

ದರ್ಜಿ ಹೌದೆಂದ. ಚೀಟಿಗೆ ಮನೆ ಮಾಲೀಕನ ಸಹಿ ಹಾಕಿಸಿಕೊಂಡವನು ಅವನೇ. ಹೆಂಡತಿ ತೀರಿಕೊಂಡ ಮೂರನೆಯ ದಿನವೇ ಅವನು ಮನೆ ಬಿಟ್ಟಿದ್ದ. ತಿಂಗಳ ಕೊನೆಯವರೆಗೆ ಬಾಡಿಗೆ ಕಟ್ಟಿಯಾಗಿತ್ತು. ಆದರೆ ಅವಳ ಮಂಚದ ಕಾಲುಗಳು ಗುರುತು ಬಿಟ್ಟಿದ್ದ ಆ ಕೋಣೆಯೊಳಗೆ ಕಾಲಿಡಲು ಅವನಿಂದಾಗಲಿಲ್ಲ. ಹೊಲಿಗೆ ಯಂತ್ರ ಅಕ್ಕನ ಮನೆಯ ಪಡಸಾಲೆ ಸೇರಿತು. ಅಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲದ್ದರಿಂದ, ಅಲ್ಲಿಯವರೆಗೆ ಅವರ ಜೊತೆಗೇ ಇದ್ದ ಹೆಂಡತಿಯ ತಾಯಿ ವೃದ್ಧಾಶ್ರಮ ಸೇರಿದರು. ಅಮ್ಮನನ್ನು ಬೇರೆಯವರ ಕೈಗೆ ಹಾಕುವುದಿಲ್ಲವೆಂದು ಹೆಂಡತಿ ಕಡೆಗಳಿಗೆಯಲ್ಲಿ ಅವನಿಂದ ದೇವರ ಮೇಲೆ ಆಣೆ ಮಾಡಿಸಿಕೊಂಡಿದ್ದಳು.

ಹಳೆಯ ಮನೆಗೆ ಕೊಟ್ಟಿದ್ದ ಮುಂಗಡದ ಹಣ ವಾಪಸ್ ಬಂದರೆ ಒಂದು ಕೋಣೆ ಹಿಡಿಯಬಹುದಿತ್ತು. ಮಾಲೀಕ ಕೊಡುವುದಿಲ್ಲವೆನ್ನಲಿಲ್ಲ. ಸುಣ್ಣ ಬಳಿಸಿ ಲೆಕ್ಕ ಹೇಳುತ್ತೇನೆಂದ, ಆಮೇಲೆ ನಲ್ಲಿ ರಿಪೇರಿ ಎಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. "ಒಂದು ರವಿಕೆಗೆ ನೀನೆಷ್ಟು ಜನರನ್ನ ಅಲೆದಾಡಿಸಿಲ್ಲ? ಈಗ ನೀನೂ ಅಲೆ," ಎಂದು ಅಕ್ಕ ಕುಟುಕಿದಾಗ ದರ್ಜಿಗೂ ನಗು ಬಂದಿತ್ತು.

ದೂರು ಕೊಡಲು ತೊಂಬತ್ತು ದಿನದ ಗಡುವು ಎಂಬುದು ಅವನಿಗೆ ಗೊತ್ತಿತ್ತು. ಬಾಡಿಗೆ ಮುಗಿದ ದಿನದಿಂದ ಬೆರಳು ಮಡಿಸಿ ಎಣಿಸಿದ್ದ. ಇನ್ನೂ ಎಂಟು ದಿನ ಉಳಿದಿತ್ತು. ದೂರಿನ ರಸೀದಿ ತೋರಿಸಿದರೆ ಮುಂಗಡಕ್ಕೆ ಕಾಯುತ್ತೇನೆಂದು ಹೊಸ ಕೋಣೆಯ ಒಡತಿ ಒಪ್ಪಿದ್ದಳು. ಆ ಧೈರ್ಯದ ಮೇಲೆ, ನಾಳೆ ಮಧ್ಯಾಹ್ನ ಬಂದು ಕರೆದೊಯ್ಯುತ್ತೇನೆಂದು ನಿನ್ನೆ ಅತ್ತೆಗೆ ಮಾತು ಕೊಟ್ಟಿದ್ದ.

"ದಿನ ಎಣಿಸೋದು ಬೀಗದಕೈ ಕೊಟ್ಟಾಗಿಂದ," ಎಂದಳು ಹೆಂಗಸು. "ಇವತ್ತಿಗೆ ತೊಂಬತ್ಮೂರು. ತಿಂಗಳ ಕೊನೇವರೆಗೂ ನಿಮ್ಮ ಹತ್ರಾನೇ ಇಟ್ಕೊಂಡಿದ್ರೆ ಆಗ್ತಿತ್ತು."

"ಆ ಮನೇಲಿ ಇರೋಕೆ ಆಗ್ಲಿಲ್ಲಮ್ಮ."

ಅವಳು ಈಗ ಕಣ್ಣೆತ್ತಿ ಅವನನ್ನು ನೋಡಿದಳು. ಕೋರ್ಟಿಗೆ ಹೋಗಬಹುದು, ವರ್ಷಗಳು ಹಿಡಿಯುತ್ತವೆ ಎಂದು ಮೆಲ್ಲಗೆ ಹೇಳಿ ಕಾಗದಗಳನ್ನು ಕಿಟಕಿಯ ಕೆಳಗಿನಿಂದ ಈಚೆಗೆ ತಳ್ಳಿದಳು.

ಆಶ್ರಮದ ಮೆಟ್ಟಿಲ ಮೇಲೆ ಅತ್ತೆ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಕೂತಿದ್ದರು. ಮಡಿಲಲ್ಲಿ ಬಟ್ಟೆಯ ಗಂಟು. ಅಳಿಯನನ್ನು ಕಂಡು ಗೋಡೆ ಹಿಡಿದು ಎದ್ದರು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅವರು ಅವನ ಮುಖವನ್ನೇ ನೋಡಿದರು.

"ಬಿಸಿಲಲ್ಲಿ ಬಂದಿದೀಯಪ್ಪಾ. ಸ್ವಲ್ಪ ಸುಧಾರಿಸ್ಕೋ, ಆಮೇಲೆ ಹೋಗೋಣ," ಎಂದು ತಾವೂ ಪಕ್ಕದಲ್ಲಿ ಕೂತರು. ಗಂಟನ್ನು ಮಾತ್ರ ಕೆಳಗಿಡಲಿಲ್ಲ.